ಚೀನೀಯರ ಸೂಜಿ ಚಿಕಿತ್ಸೆ

ಕ್ರಿ. ಶ. ೧೦೨೭ರಲ್ಲಿ, ಸೋಂಗ್ ವಂಶದ ಚಕ್ರವರ್ತಿಯ ಅಪ್ಪಣೆಯ ಮೇರೆಗೆ, ವಾಂಗ್ ವೇಯಿಯೀ ಎಂಬ ಆಸ್ಥಾನವೈದ್ಯನು ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿದನು. ಪೂಜೆಗಾಗಿ ಅಲ್ಲ, ಪಾಠಕ್ಕಾಗಿ. ವೈದ್ಯನು ಸೂಜಿ ಚುಚ್ಚಬೇಕಾದ ಎಡೆಗಳಲ್ಲೆಲ್ಲ ಅವುಗಳ ಮೈಮೇಲೆ ಸಣ್ಣ ರಂಧ್ರಗಳಿದ್ದುವು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು ರಂಧ್ರಗಳನ್ನು ಮರೆಮಾಡಿ, ಒಳಗೆ ನೀರು ತುಂಬಿ, ವಿದ್ಯಾರ್ಥಿಯ ಕೈಗೆ ಸೂಜಿಯನ್ನು ಕೊಡುತ್ತಿದ್ದರೆಂದು ಹೇಳುತ್ತಾರೆ. ಸ್ಥಾನ ಸರಿಯಾಗಿದ್ದರೆ ನೀರು ಜಿನುಗುವುದು. ತಪ್ಪಿದ್ದರೆ ಸೂಜಿ ಕಂಚಿಗೆ ತಗುಲಿ ನಿಲ್ಲುವುದು. ಪರೀಕ್ಷಕನ ದಯೆಗೂ ಮುನಿಸಿಗೂ ಅವಕಾಶವಿಲ್ಲದ ಇಂತಹ ಪರೀಕ್ಷೆ ನಮ್ಮ ವಿದ್ಯಾಶಾಲೆಗಳಲ್ಲಿಯೂ ಅಪರೂಪವೇ ಸರಿ.

ಈ ಕಂಚಿನ ಮನುಷ್ಯನನ್ನು ಶ್ರೋತೃಗಳು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಸೂಜಿಯು ಸರಿಯಾದ ಸ್ಥಾನದಲ್ಲಿ ಬಿದ್ದಿತೆ ಎಂಬ ಅವನ ಪ್ರಶ್ನೆಯನ್ನೇ ಸಾವಿರ ವರ್ಷಗಳಿಗೆ ಸಮೀಪವಾದ ಕಾಲದ ಮೇಲೆ ಜರ್ಮನಿಯ ವೈದ್ಯರು ಬೇರೊಂದು ಬಗೆಯಲ್ಲಿ ಕೇಳಿದರು. ಅವರಿಗೆ ದೊರೆತ ಉತ್ತರ ಯಾರೂ ನಿರೀಕ್ಷಿಸಿದುದಾಗಿರಲಿಲ್ಲ.

ಮೊದಲು ಶಾಸ್ತ್ರವೇನೆಂಬುದನ್ನು ನೋಡೋಣ. ಚೀನೀಯರ ವೈದ್ಯಕಕ್ಕೆ ಮೂಲಗ್ರಂಥವೆನಿಸಿರುವ 'ಹ್ವಾಂಗ್‌ದೀ ನೇಯ್‌ಜಿಂಗ್' ಕ್ರಿಸ್ತಪೂರ್ವದ ಕೊನೆಯ ಎರಡು ಶತಮಾನಗಳ ಸುಮಾರಿಗೆ ರೂಪುಗೊಂಡುದು. ಪೀತ ಚಕ್ರವರ್ತಿಯು ಕೇಳುತ್ತಾನೆ, ಮಂತ್ರಿ ಚೀ ಬೋ ಉತ್ತರ ಕೊಡುತ್ತಾನೆ. ನಮ್ಮ ಪುರಾಣಗಳ ಸಂವಾದಕ್ರಮಕ್ಕೆ ಒಗ್ಗಿದವರಿಗೆ ಇದು ಹೊಸದೆನಿಸದು. ಶರೀರದೊಳಗೆ 'ಚೀ' ಎಂಬುದೊಂದು ಸಂಚರಿಸುತ್ತದೆ. ಆ ಪದಕ್ಕೆ ಉಸಿರು, ಆವಿ, ಗಾಳಿ ಎಂಬ ಅರ್ಥಗಳೆಲ್ಲ ಇವೆ. ನಮ್ಮ 'ಪ್ರಾಣ' ಶಬ್ದವು ಅದಕ್ಕೆ ದೂರದ ನೆಂಟ. ಅದು ಹರಿಯುವ ಮುಖ್ಯ ಮಾರ್ಗಗಳು ೧೨. ಗ್ರಂಥಕಾರನು ಅವುಗಳನ್ನು ತನ್ನ ದೇಶದ ಹನ್ನೆರಡು ನದಿಗಳಿಗೆ ಹೋಲಿಸಿದ್ದಾನೆ. ಹರಿವು ಕಟ್ಟಿದರೆ ರೋಗ, ಬಿಡಿಸಿದರೆ ಆರೋಗ್ಯ. ಕಾಲುವೆ ಕೆರೆಗಳನ್ನು ನಂಬಿ ಬಾಳುವ ಬೇಸಾಯದ ಜನ ದೇಹವನ್ನು ಹೀಗೆ ಕಂಡುದರಲ್ಲಿ ಆಶ್ಚರ್ಯವೇನು? ಸ್ಥಾನಗಳ ಹೆಸರುಗಳಲ್ಲಿಯೂ ಈ ಭೂಗೋಳವೇ ಕಾಣುತ್ತದೆ: ಹೆಬ್ಬೆರಳು ತೋರುಬೆರಳುಗಳ ನಡುವಣದು 'ಕೂಡುಕಣಿವೆ', ಅಂಗಾಲಿನದು 'ಉಕ್ಕುವ ಬುಗ್ಗೆ'.

ಈ ವಿದ್ಯೆ ನಮ್ಮ ದೇಶದಿಂದಲೇ ಚೀನಾಕ್ಕೆ ಹೋಯಿತೆಂದು ಹೇಳುವವರು ನಮ್ಮಲ್ಲಿದ್ದಾರೆ. ಸುಶ್ರುತನು ೧೦೭ ಮರ್ಮಗಳನ್ನು ಎಣಿಸಿರುವುದು ನಿಜ. ಆದರೆ ಅವನು ಅವುಗಳನ್ನು ಹೇಳಿದುದು ಶಸ್ತ್ರವೈದ್ಯನು ಅಲ್ಲಿ ಕತ್ತಿ ತಗಲದಂತೆ ಎಚ್ಚರವಹಿಸಲೆಂದು. ಚೀನೀಯರು ತಮ್ಮ ಸ್ಥಾನಗಳನ್ನು ಗುರುತಿಸಿದುದು ಅಲ್ಲಿಯೇ ಚುಚ್ಚಲೆಂದು. ಇವೆರಡನ್ನೂ ಒಂದೆಂದು ಸಾಧಿಸುವುದಕ್ಕೆ ದೇಶಾಭಿಮಾನವೊಂದೇ ಸಾಲದು.

ಐದು ಸಾವಿರ ವರ್ಷಗಳಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆ ಎಂಬ ಮಾತನ್ನೂ ಅಷ್ಟೇ ಜಾಗರೂಕತೆಯಿಂದ ಕೇಳಬೇಕು. ಕ್ರಿ. ಪೂ. ೧೬೮ರಲ್ಲಿ ಮುಚ್ಚಲ್ಪಟ್ಟ ಮಾವಾಂಗ್‌ದ್ವೇಯ್ ಗೋರಿಯೊಂದನ್ನು ೧೯೭೩ರಲ್ಲಿ ತೆರೆದಾಗ ದೊರೆತ ವೈದ್ಯಕ ಪಠ್ಯಗಳಲ್ಲಿ ಹನ್ನೊಂದು ಮಾರ್ಗಗಳ ವರ್ಣನೆಯಿದೆ, ಶಾಖ ಕೊಡುವ ವಿಧಾನವಿದೆ, ಸೂಜಿಯ ಚಿಕಿತ್ಸೆಯಿಲ್ಲ. ಹಿಂದಿನ ಸೂಜಿಗಳಾದರೂ ಒಂಬತ್ತು ಬಗೆ. ಅವುಗಳಲ್ಲಿ ಕೆಲವು ಕುರು ಕೀಳುವ, ರಕ್ತ ಹರಿಸುವ ಚೂರಿಗಳೇ ಆಗಿದ್ದುವು. ೧೮೨೨ರಲ್ಲಿ ಚಕ್ರವರ್ತಿ ದಾವ್‌ಗ್ವಾಂಗನು, ಸೂಜಿಯೂ ಬೆಂಕಿಯೂ ರಾಜಶರೀರಕ್ಕೆ ತಕ್ಕವಲ್ಲವೆಂದು, ಆಸ್ಥಾನದ ವೈದ್ಯಾಲಯದಲ್ಲಿ ಆ ವಿಭಾಗವನ್ನೇ ಮುಚ್ಚಿಸಿದನು. ಇಂದು ನಾವು ಕಾಣುವ, ಕೂದಲಿನಷ್ಟು ತೆಳುವಾದ ಸೂಜಿಯ ಪದ್ಧತಿಗೆ ೧೯೩೦ರ ದಶಕದಲ್ಲಿ ಚೆಂಗ್ ದಾನ್‌ಆನ್ ಎಂಬ ವೈದ್ಯರು ಮಾಡಿದ ಸುಧಾರಣೆ ಬಹುಮಟ್ಟಿಗೆ ಕಾರಣ. ಅವರು ಪಾಶ್ಚಾತ್ಯ ಶರೀರಶಾಸ್ತ್ರವನ್ನು ಓದಿ, ಸ್ಥಾನಗಳನ್ನು ರಕ್ತನಾಳಗಳಿಂದ ದೂರಕ್ಕೆ ಸರಿಸಿ ಹೊಸ ನಕ್ಷೆಯನ್ನು ಬರೆದರು.

ಸೂಜಿಯ ಜೊತೆಗಾತಿ ಶಾಖ. ಒಣಗಿಸಿ ಕುಟ್ಟಿ ಅರಳೆಯಂತೆ ಮಾಡಿದ ಒಂದು ಸೊಪ್ಪನ್ನು ಚರ್ಮದ ಹತ್ತಿರದಲ್ಲಿಯೋ, ಕೆಲವೊಮ್ಮೆ ಚರ್ಮದ ಮೇಲೆಯೋ ಉರಿಸುತ್ತಾರೆ. ಆ ಸೊಪ್ಪು ನಮಗೆ ಅಪರಿಚಿತವಲ್ಲ. ಗಣೇಶನ ಪೂಜೆಗೆ ಏರಿಸುವ ಮಾಚಿಪತ್ರೆಯೂ, ಹೆಂಗಸರು ಮುಡಿಯುವ ದವನವೂ ಅದೇ ಕುಲದವು. ಆ ಕುಲದ ಇನ್ನೊಂದು ಗಿಡದಿಂದ ಚೀನಾದ ತೂ ಯೂಯೂ ಎಂಬ ವಿದುಷಿ, ನಾಲ್ಕನೆಯ ಶತಮಾನದ ಗ್ರಂಥವೊಂದರ ಸೂಚನೆಯನ್ನು ಹಿಡಿದು, ೧೯೭೨ರಲ್ಲಿ ಮಲೇರಿಯಾಕ್ಕೆ ಮದ್ದನ್ನು ಬೇರ್ಪಡಿಸಿದರು. ಹಳೆಯ ಪುಸ್ತಕವು ಸೊಪ್ಪನ್ನು ಕುದಿಸದೆ ನೀರಿನಲ್ಲಿ ನೆನೆಸಿ ಹಿಂಡಬೇಕೆಂದಿತ್ತು. ಆ ಒಂದು ಮಾತಿನಿಂದ, ಶಾಖವೇ ಮದ್ದಿನ ಗುಣವನ್ನು ಕೆಡಿಸುತ್ತಿರಬಹುದೆಂದು ಅವರು ಊಹಿಸಿದರು. ೨೦೧೫ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಯೂರೋಪಿಗೆ ಸೂಜಿಯ ವಾರ್ತೆಯನ್ನು ಮುಟ್ಟಿಸಿದವರಲ್ಲಿ ಮುಖ್ಯನಾದವನು ಜಪಾನಿನ ನಾಗಸಾಕಿಯಲ್ಲಿದ್ದ ಡಚ್ ವೈದ್ಯ ಟೆನ್ ರೈನೆ. 'ಅಕ್ಯುಪಂಕ್ಚರ್' ಎಂದು ಇಂದು ಬಳಕೆಯಲ್ಲಿರುವ ಲ್ಯಾಟಿನ್ ಮೂಲದ ಹೆಸರು ೧೬೮೩ರ ಅವನ ಪುಸ್ತಕದಿಂದ ಹರಡಿತು. ಆದರೆ ಲೋಕಪ್ರಸಿದ್ಧಿ ಬಂದುದು ೧೯೭೧ರಲ್ಲಿ. ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಿಕಾಕರ್ತರು ಪೀಕಿಂಗಿನಲ್ಲಿದ್ದಾಗ ಕರುಳುಬಾಲದ ಬೇನೆಯಿಂದ ಶಸ್ತ್ರಚಿಕಿತ್ಸೆಗೆ ಒಳಗಾದರು. ಸೂಜಿ ಚುಚ್ಚಿಯೇ ಅವರ ಹೊಟ್ಟೆಯನ್ನು ಕೊಯ್ದರೆಂಬ ಕಥೆ ಹಬ್ಬಿತು. ಅವರೇ ಬರೆದುದು ಬೇರೆ: ಕೊಯ್ದದ್ದು ಎಂದಿನ ಅರಿವಳಿಕೆಯ ಮದ್ದಿನಿಂದ, ಮರುದಿನ ರಾತ್ರಿ ಹೊಟ್ಟೆಯುಬ್ಬರಕ್ಕೆ ಮೊಣಕೈಯಲ್ಲಿಯೂ ಮೊಣಕಾಲಿನ ಕೆಳಗೂ ಸೂಜಿಗಳನ್ನು ಚುಚ್ಚಿದರು, ಉಪಶಮನವಾಯಿತು. ನಮ್ಮ ದೇಶಕ್ಕೆ ಈ ವಿದ್ಯೆಯನ್ನು ತಂದವರಲ್ಲಿ ಮೊದಲಿಗರು ಕಲ್ಕತ್ತೆಯ ಡಾಕ್ಟರ್ ಬಿಜಯಕುಮಾರ ಬಸು. ೧೯೩೮ರಲ್ಲಿ ಡಾಕ್ಟರ್ ಕೋಟ್ನೀಸರೊಡನೆ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೂ ಒಬ್ಬರು.

ಈಗ ಜರ್ಮನಿಯ ಪರೀಕ್ಷೆಗೆ ಬರೋಣ. ಅದರ ಫಲ ೨೦೦೭ರಲ್ಲಿ ಪ್ರಕಟವಾಯಿತು. ಬಹುಕಾಲದಿಂದ ಸೊಂಟನೋವಿನಿಂದ ನರಳುತ್ತಿದ್ದ ೧,೧೬೨ ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಮೊದಲನೆಯವರಿಗೆ ಶಾಸ್ತ್ರೋಕ್ತ ಸ್ಥಾನಗಳಲ್ಲಿ ಸೂಜಿ. ಎರಡನೆಯವರಿಗೆ ಸ್ಥಾನವಲ್ಲದ ಎಡೆಗಳಲ್ಲಿ ಚರ್ಮದ ಮೇಲುಮೇಲಕ್ಕಷ್ಟೇ ಸೂಜಿ. ಮೂರನೆಯವರಿಗೆ ಎಂದಿನ ಮದ್ದು, ವ್ಯಾಯಾಮ, ಅಂಗಮರ್ದನ. ತಮಗೆ ಬಿದ್ದುದು ಯಾವ ಸೂಜಿಯೆಂಬುದು ಮೊದಲ ಎರಡು ಗುಂಪಿನವರಿಗೆ ತಿಳಿಯದು. ಆರು ತಿಂಗಳ ಮೇಲೆ ಗುಣ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ ೪೭.೬, ಎರಡನೆಯದರಲ್ಲಿ ೪೪.೨, ಮೂರನೆಯದರಲ್ಲಿ ೨೭.೪.

ಈ ಮೂರು ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಎರಡು ಪಕ್ಷದವರಿಗೂ ಮುಖಭಂಗವೇ. ಕಂಚಿನ ಮನುಷ್ಯನ ಮೈಮೇಲೆ ನೀರು ಜಿನುಗದ ಎಡೆಯಲ್ಲಿ ಚುಚ್ಚಿದರೂ ರೋಗಿಯ ನೋವು ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ನದಿಗಳ ನಕ್ಷೆಗೆ ಇದು ಪ್ರತಿಕೂಲವಾದ ಸಾಕ್ಷ್ಯ. ಆದರೆ ಸೂಜಿಯೆಲ್ಲ ಬೂಟಾಟಿಕೆಯೆಂದು ನಗುವವರ ಮದ್ದು ಅದಕ್ಕಿಂತ ಹಿಂದೆ ಬಿದ್ದಿತು. ೨೦೧೮ರಲ್ಲಿ, ೩೯ ಪರೀಕ್ಷೆಗಳ ೨೦,೮೨೭ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಜವಾದ ಸೂಜಿಯು ಹುಸಿಸೂಜಿಗಿಂತ ಅಲ್ಪಸ್ವಲ್ಪ ಮೇಲೆಂದು ಕಂಡುಬಂದಿತು. ಆ ಅಂತರ ಕಿರಿದು. ಏನೂ ಚಿಕಿತ್ಸೆಯಿಲ್ಲದವರಿಗೂ ಸೂಜಿ ಪಡೆದವರಿಗೂ ಇರುವ ಅಂತರವೇ ಹಿರಿದು.

ಹಾಗಾದರೆ ನೋವು ಇಳಿಸಿದುದು ಯಾವುದು? ಚರ್ಮ ಸ್ನಾಯುಗಳನ್ನು ಚುಚ್ಚಿದಾಗ ಮಿದುಳು ಅಫೀಮಿನಂತಹ ದ್ರವ್ಯಗಳನ್ನು ತಾನೇ ಸ್ರವಿಸುವುದೆಂಬುದು ೧೯೭೦ರ ದಶಕದಿಂದ ಬಂದ ಒಂದು ವಿವರಣೆ. ಅರ್ಧ ಗಂಟೆ ನಿಶ್ಚಿಂತೆಯಿಂದ ಮಲಗುವುದು, ವೈದ್ಯನು ಅವಸರವಿಲ್ಲದೆ ಮೈಮುಟ್ಟಿ ವಿಚಾರಿಸುವುದು, ಗುಣವಾಗುವುದೆಂಬ ಭರವಸೆ, ಇವೂ ತಮ್ಮ ಪಾಲನ್ನು ಸಲ್ಲಿಸುತ್ತವೆ. ಎಂಟು ವರ್ಷ ಸೊಂಟ ಹಿಡಿದು ನಡೆದವನು ನೆಟ್ಟಗೆ ನಿಂತರೆ, ಅದು ಬರಿಯ ಭ್ರಮೆಯೆಂದು ಅವನಿಗೆ ಹೇಳುವ ಧೈರ್ಯ ನಮಗಿಲ್ಲ.

ಆದರೆ ಇದು ನೋವಿನ ಮಾತು. ಇದನ್ನು ಗಂಟಿನ ಮೇಲೆ, ಕ್ಷಯದ ಮೇಲೆ, ಸಕ್ಕರೆ ರೋಗದ ಮೇಲೆ ಹೊರಿಸುವವರೂ ಇದ್ದಾರೆ. ಸೊಂಟನೋವಿಗೆ ಸೂಜಿಯನ್ನು ಆಶ್ರಯಿಸಿದವನು ಹೆಚ್ಚೆಂದರೆ ಹಣ ಕಳೆದುಕೊಂಡಾನು. ಅರ್ಬುದಕ್ಕೆ ಅದನ್ನೇ ನಂಬಿ ಕುಳಿತವನು ಶಸ್ತ್ರಚಿಕಿತ್ಸೆಯ ಕಾಲವನ್ನು ಕಳೆದುಕೊಳ್ಳುತ್ತಾನೆ. ನೋವಿಗೇ ಹೋಗುವವರೂ ಎರಡು ಸಂಗತಿಗಳನ್ನು ತಿಳಿದಿರಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಯಕೃತ್ತಿನ ಸೋಂಕು ಅಂಟಿದ ಪ್ರಸಂಗಗಳುಂಟು. ಆದ್ದರಿಂದ ಸೂಜಿಯ ಹೊಸ ಪೊಟ್ಟಣವನ್ನು ತಮ್ಮೆದುರಿಗೇ ಒಡೆಯಬೇಕೆಂದು ಕೇಳಲು ಸಂಕೋಚಪಡಬಾರದು. ಎದೆ ಬೆನ್ನುಗಳಲ್ಲಿ ಆಳಕ್ಕೆ ಹೋದ ಸೂಜಿ ಶ್ವಾಸಕೋಶದ ಪೊರೆಯನ್ನು ತೂತುಮಾಡಬಲ್ಲದು. ಚಿಕಿತ್ಸೆಯ ಬಳಿಕ ಉಸಿರಾಟ ಕಷ್ಟವಾದರೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಸರ್ಕಾರಕ್ಕಾಗಿ ವೈದ್ಯರಿಗೆ ಸಲಹೆ ಬರೆಯುವ ಸಂಸ್ಥೆಯು ೨೦೦೯ರಲ್ಲಿ ಸೊಂಟನೋವಿಗೆ ಸೂಜಿಯನ್ನು ಒಪ್ಪಿತು, ೨೦೧೬ರಲ್ಲಿ ಕೈಬಿಟ್ಟಿತು, ೨೦೨೧ರಲ್ಲಿ ಮೂಲಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಅದನ್ನು ಪರಿಶೀಲಿಸಬಹುದೆಂದು ಮತ್ತೆ ಬರೆಯಿತು.