ಏರೋಪ್ಲೇನ್ ಚಿಟ್ಟೆಯ ಹಾರಾಟ: ರಚನೆ ಮತ್ತು ಸಾಮರ್ಥ್ಯ

ಉತ್ತರ ಬೆಂಗಳೂರಿನ ವಿದ್ಯಾರಣ್ಯಪುರದ ಆಸುಪಾಸಿನಲ್ಲಿ ನರಸೀಪುರ, ದೊಡ್ಡಬೊಮ್ಮಸಂದ್ರ ಮೊದಲಾದ ಕೆರೆಗಳಿವೆ. ಇಂತಹ ಕೆರೆಯಂಚುಗಳಲ್ಲಿ ಮಳೆಗಾಲದಲ್ಲಿ ಹಾರಾಡುವ ಒಡೊನೇಟ ಗಣದ ಕೀಟವನ್ನು ಜನರು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರೆ. ನೆರೆಯ ಯಲಹಂಕದ ವಾಯುನೆಲೆಯಲ್ಲಿ 1996ರಿಂದ ವೈಮಾನಿಕ ಪ್ರದರ್ಶನಗಳು ನಡೆಯುತ್ತ ಬಂದಿರುವ ಈ ಭಾಗದಲ್ಲಿ ಹೆಸರು ಒಪ್ಪುವಂತೆಯೇ ಇದೆ. ಆದರೆ ಸಾಮ್ಯವು ಬಹುಮಟ್ಟಿಗೆ ಆಕಾರಕ್ಕೆ ಸೀಮಿತವಾದುದು. ಇದು ಚಿಟ್ಟೆಯೂ ಅಲ್ಲ. ಇದರ ಹಾರಾಟದ ಕ್ರಮ ವಿಮಾನದ್ದೂ ಅಲ್ಲ.

ನೊಣ, ಜೇನುನೊಣಗಳಲ್ಲಿ ಹಾರಾಟದ ಮುಖ್ಯ ಸ್ನಾಯುಗಳು ಎದೆಗೂಡನ್ನು ಹಿಗ್ಗಿಸಿ ಕುಗ್ಗಿಸುವ ಮೂಲಕ ಪರೋಕ್ಷವಾಗಿ ರೆಕ್ಕೆಗಳನ್ನು ಆಡಿಸುತ್ತವೆ. ಏರೋಪ್ಲೇನ್ ಚಿಟ್ಟೆಯಲ್ಲಿಯಾದರೋ ಸ್ನಾಯುಗಳು ನೇರವಾಗಿ ರೆಕ್ಕೆಯ ಬುಡಕ್ಕೆ ಕೂಡಿಕೊಂಡಿವೆ. ಆದ್ದರಿಂದ ನಾಲ್ಕು ರೆಕ್ಕೆಗಳ ಬಡಿತವನ್ನೂ ಓರೆಯನ್ನೂ ಪ್ರತ್ಯೇಕವಾಗಿ ನಿಯಂತ್ರಿಸಲು ಸಾಧ್ಯವಾಗಿದೆ. ನಿಂತಲ್ಲೇ ತೇಲುವಾಗ ಮುಂದಿನ ಜೋಡಿ ಏರಿದರೆ ಹಿಂದಿನದು ಇಳಿಯುತ್ತದೆ. ಥಟ್ಟನೆ ಮೇಲೇಳುವಾಗ ಎರಡೂ ಒಟ್ಟಿಗೆ ಬಡಿಯುತ್ತವೆ. ಹಿಮ್ಮುಖವಾಗಿಯೂ ಹಾರಬಲ್ಲದು.

ರೆಕ್ಕೆಯ ಮುಂದಂಚಿನಲ್ಲಿ, ತುದಿಯ ಸಮೀಪ, ಒಂದು ಬಣ್ಣದ ಮಚ್ಚೆಯಿದೆ. ಇದು ಅಲಂಕಾರವಲ್ಲ. ಅದರ ತೂಕ ದೇಹತೂಕದ ಸಾವಿರದಲ್ಲೊಂದು ಪಾಲಿನಷ್ಟೇ ಆದರೂ, ತೇಲುವಾಗ ರೆಕ್ಕೆ ಅದುರಲಾರಂಭಿಸುವ ವೇಗದ ಮಿತಿಯನ್ನು ಅದು ಶೇ. 10ರಿಂದ 25ರಷ್ಟು ಹೆಚ್ಚಿಸುತ್ತದೆಯೆಂದು 1972ರಲ್ಲಿ ನೋರ್ಬರ್ಗ್ ತೋರಿಸಿದರು. ವಿಮಾನದ ರೆಕ್ಕೆಗಳ ಅದುರುವಿಕೆಯನ್ನು ತಡೆಯಲು ತಂತ್ರಜ್ಞರು ತೂಕ ಕೂಡಿಸುವುದುಂಟು. ಹೆಸರಿಗೆ ನಿಜವಾದ ಸಮರ್ಥನೆ ಇಲ್ಲಿದೆ.

ಬೇಟೆಯಲ್ಲಿ ಇದು ಸೊಳ್ಳೆ, ನೊಣಗಳ ಬೆನ್ನಟ್ಟುವುದಿಲ್ಲ. ಅವು ಮುಂದೆ ತಲುಪಲಿರುವ ತಾಣಕ್ಕೇ ಸಾಗಿ ಎದುರುಗೊಳ್ಳುತ್ತದೆ. ಹಲವು ಪ್ರಯೋಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಯತ್ನಗಳು ಸಫಲವಾಗಿವೆ.

ದೂರದ ಹಾರಾಟದಲ್ಲಿ ಪಾಂಟಾಲ ಫ್ಲಾವೆಸೆನ್ಸ್ ಪ್ರಭೇದ ಅಗ್ರಗಣ್ಯ. ಅಗಲವಾದ ಹಿಂರೆಕ್ಕೆಗಳಿಂದ ಗಾಳಿಯಲ್ಲಿ ತೇಲುವ ಇದು ಮಳೆಮಾರುತಗಳನ್ನನುಸರಿಸಿ ಭಾರತದಿಂದ ಮಾಲ್ಡೀವ್ಸ್ ಮಾರ್ಗವಾಗಿ ಪೂರ್ವ ಆಫ್ರಿಕಕ್ಕೆ ಸಾಗುತ್ತದೆಂದು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಹೋಗಿಬರುವ ಈ ಸುತ್ತು 14,000ದಿಂದ 18,000 ಕಿಲೋಮೀಟರ್. ಪೂರೈಸಲು ನಾಲ್ಕು ಪೀಳಿಗೆಗಳು ಬೇಕು. ಮಾಲ್ಡೀವ್ಸ್‌ನಲ್ಲಿ ಹಿಡಿದ ಕೀಟಗಳ ರೆಕ್ಕೆಯಲ್ಲಿನ ಹೈಡ್ರೋಜನ್ ಸಮಸ್ಥಾನಿಗಳನ್ನು ಅಳೆದಾಗ (2012) ಅವುಗಳ ಮೂಲ ಉತ್ತರ ಭಾರತ ಅಥವಾ ಅದರಾಚೆಯದೆಂದು ಕಂಡುಬಂದಿತು. ಆದಕಾರಣ ಬೆಂಗಳೂರಿನ ಮೇಲೆ ಕಾಣುವ ಹಿಂಡುಗಳೆಲ್ಲ ಇಲ್ಲಿನ ನೀರಿನಲ್ಲೇ ಹುಟ್ಟಿದವೆಂದು ಭಾವಿಸುವಂತಿಲ್ಲ.

ಆದರೂ ಸ್ಥಳೀಯ ಪ್ರಭೇದಗಳಿಗೆ ಕೆರೆಯೇ ಆಧಾರ. ಕೆ.ಎ. ಸುಬ್ರಮಣಿಯನ್ ಅವರ ಪರ್ಯಾಯದ್ವೀಪ ಭಾರತದ ಒಡೊನೇಟ ಕೈಪಿಡಿ 2005ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. ಗುರುತಿಸುವ ಸಾಧನಕ್ಕೆ ಕೊರತೆಯಿಲ್ಲ. ಮರಿಹುಳು ನೀರಿನಲ್ಲಿ ಬೆಳೆದು, ಕೊನೆಗೆ ಜೊಂಡಿನ ಕಾಂಡವನ್ನೋ ಮತ್ತಾವುದಾದರೂ ಆಸರೆಯನ್ನೋ ಹತ್ತಿ ಪೊರೆ ಕಳಚುತ್ತದೆ. ಮುದುಡಿದ ರೆಕ್ಕೆಗಳು ಹರಡಿ ಗಟ್ಟಿಯಾಗುವವರೆಗೂ ಅದು ಹಾರಲಾರದು. ಕೊಳಚೆ ಸೇರಿದ, ಜೊಂಡು ಕಿತ್ತು ಅಂಚಿಗೆ ಕಲ್ಲು ಕಟ್ಟಿದ ಕೆರೆಗಳಲ್ಲಿ ಅನೇಕ ಪ್ರಭೇದಗಳ ಜೀವನಚಕ್ರ ಈ ಹಂತಕ್ಕೆ ಮುಟ್ಟುವುದೇ ದುಸ್ತರ.