ಬೊಗಸೆಯಷ್ಟು ವಿದ್ಯುತ್ತು

ಕಡಲನ್ನು ದಾಟಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವೊಂದಿತ್ತು. ಆ ಕಟ್ಟಳೆ ಸಡಿಲವಾಗಿ ತಲೆಮಾರುಗಳೇ ಕಳೆದವು. ಈಗ ಶಿಕಾರಿಪುರದ ಪೇಟೆಯಲ್ಲಾಗಲಿ ಸೊರಬದ ಬೀದಿಯಲ್ಲಾಗಲಿ ನಿಂತು ವಿಚಾರಿಸಿದರೆ, ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿರುವ ಮನೆಗಳು ಸುಲಭವಾಗಿ ಸಿಕ್ಕುತ್ತವೆ. ಹಾಗೆ ಹೋದ ಮಕ್ಕಳು ತಂದೆತಾಯಿಗಳನ್ನು ಒಮ್ಮೆಯಾದರೂ ಕರೆಸಿಕೊಳ್ಳುತ್ತಾರೆ. ಕರೆಸಿಕೊಂಡ ಮೇಲೆ ಸಿಂಗಪುರದಿಂದಲೋ ಅಮೆರಿಕದ ಫ್ಲಾರಿಡಾದಿಂದಲೋ ಹೊರಡುವ ವಿಹಾರನೌಕೆಯಲ್ಲಿ ನಾಲ್ಕಾರು ದಿನ ಕೂರಿಸಿ ಕಡಲನ್ನು ತೋರಿಸುತ್ತಾರೆ. ಅಡಕೆ ತೋಟವನ್ನೂ ಗದ್ದೆಯ ಏರಿಯನ್ನೂ ಬಿಟ್ಟು ಹೆಚ್ಚು ದೂರ ಹೋಗದಿದ್ದ ಹಿರಿಯರು ಹೊರಡುವ ಮುನ್ನ ಕೇಳುವ ಪ್ರಶ್ನೆಗಳೂ ಈಗ ಬೇರೆಯಾಗಿವೆ. ಊಟ ಹೇಗೆ, ವಾಂತಿಯಾದರೆ ಏನು ಮಾಡುವುದು ಎಂಬ ಪ್ರಶ್ನೆಗಳ ಬೆನ್ನಿಗೇ ಮತ್ತೊಂದು ಬರುತ್ತದೆ: “ಅಲ್ಲಿ ಮೊಬೈಲಿಗೆ ಚಾರ್ಜು ಹಾಕುವುದೆಲ್ಲಿ?”

ಕೇಳಿದ ಕೂಡಲೆ ನಗು ತರಿಸಬಹುದಾದ ಈ ಪ್ರಶ್ನೆ ನಿಜವಾಗಿ ಹಗುರವಾದುದಲ್ಲ. ಪ್ರವಾಸ ಹೊರಟ ಮುದುಕರ ಕೈಯಲ್ಲಿರುವ ಆ ಪುಟ್ಟ ಪೆಟ್ಟಿಗೆಯಲ್ಲಿ ವಿಳಾಸಗಳಿವೆ, ಟಿಕೆಟ್ಟಿನ ಪ್ರತಿಯಿದೆ, ವೈದ್ಯರು ಬರೆದುಕೊಟ್ಟ ಚೀಟಿಯ ಚಿತ್ರವಿದೆ. ಕೆಲವರ ಕಿವಿಯೊಳಗಿನ ಶ್ರವಣಯಂತ್ರಕ್ಕೆ ಪ್ರತಿರಾತ್ರಿ ವಿದ್ಯುತ್ತು ಬೇಕು. ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆಯುಳ್ಳವರು ಮೂಗಿಗೆ ಕಟ್ಟಿಕೊಂಡು ಮಲಗುವ ಸೀಪ್ಯಾಪ್ ಯಂತ್ರಕ್ಕಂತೂ ಇರುಳೆಲ್ಲ ಬೇಕು. ಇಂಥವರ ಪಾಲಿಗೆ ಗೋಡೆಯಲ್ಲಿ ಒಂದು ಸಾಕೆಟ್ಟು ಇದೆಯೋ ಇಲ್ಲವೋ ಎಂಬುದು ವಿಹಾರದ ಮಾತಲ್ಲ, ಆರೋಗ್ಯದ ಮಾತು.

ಹಡಗಿನಲ್ಲಿ ವಿದ್ಯುತ್ತಿಗೆ ಬರವೇ ಎಂದರೆ, ಬರವಿಲ್ಲ. ೨೦೦೪ರಲ್ಲಿ ಯಾನವನ್ನಾರಂಭಿಸಿದ ‘ಕ್ವೀನ್ ಮೇರಿ ೨’ ಎಂಬ ನೌಕೆಯನ್ನೇ ನೋಡಬಹುದು. ಅದರ ನಾಲ್ಕು ಡೀಸೆಲ್ ಎಂಜಿನುಗಳೂ ಎರಡು ಅನಿಲ ಟರ್ಬೈನುಗಳೂ ಸೇರಿ ಸುಮಾರು ೧೧೭ ಮೆಗಾವ್ಯಾಟ್ ಶಕ್ತಿಯನ್ನು ಉತ್ಪಾದಿಸಬಲ್ಲವು. ಈ ಅಂಕಿ ನಮ್ಮ ಜಿಲ್ಲೆಯವರಿಗೆ ಪರಿಚಿತವಾದ ಇನ್ನೊಂದು ಅಂಕಿಯನ್ನು ನೆನಪಿಗೆ ತರುತ್ತದೆ. ಜೋಗದಲ್ಲಿ ೧೯೪೮ರಲ್ಲಿ ಆರಂಭವಾಗಿ ಮುಂದೆ ಪೂರ್ಣಗೊಂಡ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರದ ಶಕ್ತಿ ೧೨೦ ಮೆಗಾವ್ಯಾಟ್. ಯಂತ್ರಗಳನ್ನು ನವೀಕರಿಸಿದ ಬಳಿಕ ಈಗ ೧೩೯.೨. ಶರಾವತಿಯನ್ನು ಕೊಳವೆಯಲ್ಲಿ ಇಳಿಸಿ ನಾವು ಪಡೆದ ಶಕ್ತಿಗೆ ಹೆಚ್ಚುಕಡಿಮೆ ಸಮನಾದುದನ್ನು ಆ ಒಂದು ಹಡಗು ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಅಲೆಯ ಮೇಲೆ ತೇಲುತ್ತದೆ. ಅದರಲ್ಲಿ ಬಹುಪಾಲು ನೌಕೆಯನ್ನು ಮುಂದಕ್ಕೆ ನೂಕುವ ಚಕ್ರಗಳಿಗೆ ಸಲ್ಲುತ್ತದೆ. ಉಳಿದುದರಲ್ಲಿ ಅಡುಗೆಮನೆ, ತಂಪುಗಾಳಿ, ಕಡಲ ನೀರನ್ನು ಸಿಹಿಯಾಗಿಸುವ ಯಂತ್ರ, ಸಾವಿರಾರು ದೀಪಗಳು ನಡೆಯಬೇಕು.

ಇಷ್ಟಿದ್ದೂ ಪ್ರಯಾಣಿಕನ ಕೊಠಡಿಯಲ್ಲಿ, ಅದರಲ್ಲೂ ಹಳೆಯ ಹಡಗಾದರೆ, ಮೇಜಿನ ಬಳಿ ಒಂದೋ ಎರಡೋ ಸಾಕೆಟ್ಟುಗಳು ಮಾತ್ರ. ಮಂಚದ ತಲೆಗೆ ಒಂದೂ ಇಲ್ಲದಿರಬಹುದು. ಆ ಕೊಠಡಿಗಳನ್ನು ಕಟ್ಟಿದಾಗ ಪ್ರಯಾಣಿಕರ ಬಳಿಯಿದ್ದುದು ಕ್ಷೌರದ ಯಂತ್ರವೊಂದೇ. ಈಗ ಇಬ್ಬರು ಮಲಗುವ ಕೊಠಡಿಗೆ ಐದಾರು ಯಂತ್ರಗಳು ಬರುತ್ತವೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ನಿಂತಾಗ ಮನೆಮಠಗಳನ್ನು ಮುಳುಗಡೆಗೆ ಕೊಟ್ಟು ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಹೋದವರಲ್ಲಿ ಎಷ್ಟೋ ಮಂದಿ, ತಮ್ಮ ನೆಲದ ನೀರಿನಿಂದ ಹುಟ್ಟಿದ ಬೆಳಕು ದೂರದ ನಗರಗಳಿಗೆ ಹೋಗುತ್ತಿದ್ದಾಗ, ಬಹುಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಬಾಳಿದರು. ಶಕ್ತಿ ಹುಟ್ಟುವುದು ಬೇರೆ, ಅದು ಒಬ್ಬೊಬ್ಬನ ಕೈಗೆ ಎಟಕುವುದು ಬೇರೆ. ಹಡಗಿನ ಕೊಠಡಿಯ ಕೊರತೆ ಆ ದುಃಖದ ಮುಂದೆ ಏನೂ ಅಲ್ಲ. ಆದರೆ ಎರಡರಲ್ಲಿಯೂ ಎದ್ದು ಕಾಣುವ ಸಂಗತಿ ಅದೇ.

ಸಾಕೆಟ್ಟಿನ ಆಕಾರವೂ ನಮಗೆ ಹೊಸದು. ವಿಹಾರನೌಕೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯವನ್ನು ಅಕ್ಕಪಕ್ಕದಲ್ಲಿ ಇಟ್ಟಿರುತ್ತಾರೆ. ಒಂದು, ಚಪ್ಪಟೆ ಕಡ್ಡಿಗಳ ಅಮೆರಿಕದ ಮಾದರಿ, ಸುಮಾರು ೧೧೦ ವೋಲ್ಟಿನದು. ಇನ್ನೊಂದು, ದುಂಡನೆಯ ಎರಡು ಕಡ್ಡಿಗಳ ಯೂರೋಪಿನ ಮಾದರಿ, ೨೨೦ ವೋಲ್ಟಿನದು. ನಮ್ಮ ಎರಡು ಕಡ್ಡಿಯ ಮೊಬೈಲು ಚಾರ್ಜರು ಯೂರೋಪಿನ ಸಾಕೆಟ್ಟಿಗೆ ಹೆಚ್ಚಾಗಿ ಹೊಂದಿಕೊಳ್ಳುತ್ತದೆ. ಮೂರು ಕಡ್ಡಿಯ ಪ್ಲಗ್ಗು ಹೊಂದುವುದಿಲ್ಲ. ಅದಕ್ಕೆ ಅಡಾಪ್ಟರು ಬೇಕು. ಆದರೆ ಅಡಾಪ್ಟರು ಕಡ್ಡಿಯ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟನ್ನು ಬದಲಿಸುವುದಿಲ್ಲ. ಚಾರ್ಜರಿನ ಬೆನ್ನಿನ ಮೇಲೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ೧೦೦ರಿಂದ ೨೪೦ ವೋಲ್ಟು, ೫೦ರಿಂದ ೬೦ ಹರ್ಟ್ಸ್ ಎಂದು ಬರೆದಿದ್ದರೆ ಅದು ಎರಡಕ್ಕೂ ಒಗ್ಗುತ್ತದೆಂದು ಅರ್ಥ. ನೀರು ಕಾಯಿಸುವ ಕಾಯಿಲ್ಲು, ಕೆಟಲು, ಇಸ್ತ್ರಿಪೆಟ್ಟಿಗೆಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಇವನ್ನು ಹಡಗಿನವರು ಕೊಠಡಿಗೆ ಸೇರಿಸುವುದಿಲ್ಲ.

ಸಾಕೆಟ್ಟು ಒಂದೇ ಇದ್ದರೇನಂತೆ, ನಾಲ್ಕು ಕಿಂಡಿಗಳ ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರಾಯಿತು ಎಂದು ನಮ್ಮವರು ಯೋಚಿಸುವುದು ಸಹಜ. ಸಿಡಿಲಿನ ಕಾಟವನ್ನು ಬಲ್ಲ ಮಲೆನಾಡಿನವರಾದುದರಿಂದ ವೋಲ್ಟಿನ ಏರಿಳಿತವನ್ನು ತಡೆಯುವ ಸರ್ಜ್ ಪ್ರೊಟೆಕ್ಟರನ್ನೇ ಆರಿಸಿಕೊಳ್ಳುತ್ತಾರೆ. ಮನೆಯಲ್ಲಿ ರಕ್ಷಕನಾದ ಆ ಸಾಧನ ಹಡಗಿನಲ್ಲಿ ಭಕ್ಷಕನಾಗಬಹುದು. ನೆಲದ ಮೇಲಿನ ವ್ಯವಸ್ಥೆಯಲ್ಲಿ ಎರಡು ತಂತಿಗಳ ಪೈಕಿ ನ್ಯೂಟ್ರಲ್ ಎಂಬುದನ್ನು ಭೂಮಿಗೆ ಜೋಡಿಸಿರುತ್ತಾರೆ. ಬಹುತೇಕ ಹಡಗುಗಳಲ್ಲಿ ಹಾಗಲ್ಲ. ಎರಡು ತಂತಿಗಳನ್ನೂ ಹಡಗಿನ ಲೋಹದ ಒಡಲಿನಿಂದ ಬೇರೆಯಾಗಿಯೇ ಇಡುತ್ತಾರೆ. ಎಲ್ಲೋ ಒಂದು ಕಡೆ ಒಂದು ತಂತಿ ಒಡಲಿಗೆ ತಾಗಿದರೂ ಮುಖ್ಯ ಯಂತ್ರಗಳು ನಿಲ್ಲಬಾರದೆಂಬುದು ಇದರ ಉದ್ದೇಶ. ಹಾಗೆ ತಾಗಿದಾಗ ಮತ್ತೊಂದು ತಂತಿಗೂ ಒಡಲಿಗೂ ನಡುವಿನ ವೋಲ್ಟು ಏರುತ್ತದೆ. ಸರ್ಜ್ ಪ್ರೊಟೆಕ್ಟರಿನೊಳಗೆ ತಂತಿಯಿಂದ ನೆಲಕ್ಕೆ ಸಂಪರ್ಕ ಕಲ್ಪಿಸುವ ಭಾಗವೊಂದಿರುತ್ತದಷ್ಟೆ. ಅದು ಈ ಏರಿಕೆಯನ್ನು ತಡೆದುಕೊಳ್ಳಲಾರದೆ ಕಾದು ಉರಿಯಬಹುದು. ಮೇಲಾಗಿ ಅದರ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುವಂಥದಾದರೆ, ಆರಿಸಿದೆವೆಂದು ನಾವು ತಿಳಿದ ಮೇಲೂ ಇನ್ನೊಂದರಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ ೨೦೧೩ರಲ್ಲಿ ಈ ಅಪಾಯವನ್ನು ಕುರಿತು ಎಚ್ಚರಿಕೆಯ ಪ್ರಕಟಣೆಯನ್ನೇ ಹೊರಡಿಸಿತು. ಹಡಗಿನ ಬಾಗಿಲಲ್ಲಿ ಪೆಟ್ಟಿಗೆಯನ್ನು ಶೋಧಿಸಿ ಇಂಥ ಬೋರ್ಡುಗಳನ್ನು ತೆಗೆದಿಟ್ಟುಕೊಳ್ಳುವುದು ಅಧಿಕಾರದ ದರ್ಪದಿಂದಲ್ಲ.

ಕಡಲಿನ ಮೇಲೆ ಬೆಂಕಿಯೆಂದರೆ ಏನೆಂಬುದನ್ನು ನೆಲದ ಮೇಲಿರುವವರು ಊಹಿಸಿಕೊಳ್ಳಬೇಕು. ಮನೆಗೆ ಕಿಚ್ಚು ಬಿದ್ದರೆ ಅಂಗಳಕ್ಕೆ ಓಡಬಹುದು. ಹಡಗಿಗೆ ಅಂಗಳವಿಲ್ಲ. ೨೦೧೩ರ ಫೆಬ್ರವರಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಎಂಬ ನೌಕೆಯ ಎಂಜಿನ್ ಕೋಣೆಯಲ್ಲಿ ಬೆಂಕಿ ಹುಟ್ಟಿತು. ಜೀವಹಾನಿಯಾಗಲಿಲ್ಲ, ಆದರೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮೆಕ್ಸಿಕೋ ಕೊಲ್ಲಿಯಲ್ಲಿ ಚಲನೆಯಿಲ್ಲದ, ತಂಪುಗಾಳಿಯಿಲ್ಲದ, ಶೌಚಕ್ಕೂ ಅನುಕೂಲವಿಲ್ಲದ ಹಡಗಿನಲ್ಲಿ ದಿನಗಳನ್ನು ಕಳೆಯಬೇಕಾಯಿತು. ಬೇರೆ ದೋಣಿಗಳು ಎಳೆದು ತಂದ ಮೇಲೆಯೇ ಅದು ದಡ ಕಂಡದ್ದು. ವಿದ್ಯುತ್ತು ಹೋದರೆ ಅರಮನೆಯಂಥ ನೌಕೆಯೂ ಕಬ್ಬಿಣದ ಗೂಡು ಮಾತ್ರ. ಇದಕ್ಕಾಗಿಯೇ ಅಂತರರಾಷ್ಟ್ರೀಯ ನಿಯಮವು ಪ್ರಯಾಣಿಕ ಹಡಗಿನಲ್ಲಿ ಎಂಜಿನ್ ಕೋಣೆಯಿಂದ ದೂರದಲ್ಲಿ, ಮೇಲಿನ ಅಟ್ಟದಲ್ಲಿ, ತುರ್ತು ವಿದ್ಯುತ್ತಿನ ಏರ್ಪಾಡನ್ನು ವಿಧಿಸಿದೆ; ಅದು ೩೬ ಗಂಟೆಗಳ ಕಾಲ ಅಗತ್ಯದ ದೀಪಗಳನ್ನೂ ಸಂದೇಶಯಂತ್ರಗಳನ್ನೂ ನಡೆಸಬೇಕು. ಆ ಪಟ್ಟಿಯಲ್ಲಿ ನಮ್ಮ ಮೊಬೈಲು ಇಲ್ಲ. ೧೯೧೨ರ ಏಪ್ರಿಲ್ ತಿಂಗಳಿನ ಆ ರಾತ್ರಿ ‘ಟೈಟಾನಿಕ್’ ಮುಳುಗುವ ಕೆಲವೇ ನಿಮಿಷಗಳ ಮುನ್ನಿನವರೆಗೂ ಅದರ ದೀಪಗಳು ಉರಿಯುತ್ತಲೇ ಇದ್ದವು. ದೋಣಿಗಳನ್ನು ಇಳಿಸುವವರಿಗೆ ಬೆಳಕು ಬೇಕೆಂದು ದುಡಿದ ಎಂಜಿನಿಯರುಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಹಾಗಾದರೆ ಹೊರಡುವ ಹಿರಿಯರಿಗೆ ಹೇಳಬೇಕಾದುದೇನು? ಯಂತ್ರವನ್ನು ಅವಲಂಬಿಸಿ ಮಲಗುವವರು ಟಿಕೆಟ್ಟು ಕೊಳ್ಳುವಾಗಲೇ ಹಡಗಿನವರಿಗೆ ತಿಳಿಸಬೇಕು. ಮಂಚದವರೆಗೆ ಬರುವ ತಕ್ಕ ತಂತಿಯನ್ನು ಅವರೇ ಒದಗಿಸುವ ಪದ್ಧತಿಯಿದೆ. ಮೊಬೈಲುಗಳಿಗೆ, ಸರ್ಜ್ ತಡೆಯಿಲ್ಲದ, ಹಲವು ಯುಎಸ್‌ಬಿ ಕಿಂಡಿಗಳುಳ್ಳ ಒಂದೇ ಚಾರ್ಜರು ಸಾಕು. ಆದರೂ ಆಯಾ ಹಡಗಿನ ನಿಷೇಧದ ಪಟ್ಟಿಯನ್ನು ಮೊದಲು ನೋಡುವುದು ಲೇಸು. ಪವರ್ ಬ್ಯಾಂಕನ್ನು ಒಯ್ಯುವವರು ವಿಮಾನದ ನಿಯಮವನ್ನು ಮರೆಯಬಾರದು: ಅದನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ೧೦೦ ವ್ಯಾಟ್-ಗಂಟೆಯೊಳಗಿರಬೇಕು. ಲೆಕ್ಕ ಸುಲಭ. ೨೦,೦೦೦ ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ ೩.೭ ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದಾಗ ೭೪ ಬರುತ್ತದೆ, ಅಡ್ಡಿಯಿಲ್ಲ. ಅಷ್ಟರಲ್ಲಿ ೫,೦೦೦ದ ಮೊಬೈಲು ನಾಲ್ಕು ಸಲ ತುಂಬೀತೆಂದು ಎಣಿಸಬೇಡಿ. ಒಂದಿಷ್ಟು ಶಾಖವಾಗಿ ಹೋಗುವುದರಿಂದ ಮೂರು ಸಲವಾದರೆ ಹೆಚ್ಚು. ಹಡಗು ದಡವನ್ನು ಬಿಟ್ಟೊಡನೆ ಮೊಬೈಲನ್ನು ವಿಮಾನದ ಸ್ಥಿತಿಗೆ ತಿರುಗಿಸಿಡುವುದು ಉತ್ತಮ. ಸಿಕ್ಕದ ಸಂಕೇತವನ್ನು ಹುಡುಕಿ ಬ್ಯಾಟರಿ ಬರಿದಾಗುವುದೂ ತಪ್ಪುತ್ತದೆ, ಕಡಲ ಮೇಲಿನ ದುಬಾರಿ ಕರೆಯ ಬಿಲ್ಲೂ ತಪ್ಪುತ್ತದೆ.

ನಿಜ ಹೇಳಬೇಕೆಂದರೆ, ಈ ಮಿತದ ಬಾಳು ನಮ್ಮ ಎರಡು ತಾಲ್ಲೂಕುಗಳಿಗೆ ಅಪರಿಚಿತವೇನೂ ಅಲ್ಲ. ಆಷಾಢದ ಗಾಳಿಗೆ ಮರ ಉರುಳಿ ತಂತಿ ಹರಿದರೆ, ಒಳಹಳ್ಳಿಗಳಲ್ಲಿ ಎರಡು ಮೂರು ದಿನ ಕತ್ತಲೆಯೇ. ಆಗ ಪೇಟೆಗೆ ಹೊರಟವನ ಕೈಯಲ್ಲಿ ನೆರೆಮನೆಯವರ ಮೊಬೈಲುಗಳೂ ಇರುತ್ತವೆ; ಟ್ರ್ಯಾಕ್ಟರಿನ ಬ್ಯಾಟರಿ ಊರಿನ ಆಸ್ತಿಯಾಗುತ್ತದೆ. ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರ ಮಗಳಿಗೆ ದಿನ ತುಂಬಿದೆ ಎಂದು ನೋಡಿ ಸರದಿ ಹಚ್ಚುತ್ತಾರೆ. ಬಹಳ ಹಿಂದಿನಿಂದಲೂ ಬೆಳಕು ಇಲ್ಲಿ ಅಳತೆಯ ವಸ್ತುವೇ. ನಂದಾದೀವಿಗೆಗೆಂದು ಗಾಣದ ಎಣ್ಣೆಯನ್ನು ಇಂತಿಷ್ಟು ಎಂದು ನಿಯಮಿಸಿ ದತ್ತಿ ಬಿಟ್ಟ ಮಾತು ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಅಲ್ಲಿ ವಿದ್ಯೆಯೊಡನೆ ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಅಗತ್ಯವುಳ್ಳವನಿಗೆ ಮೊದಲು ಎಂಬ ಆ ನ್ಯಾಯ ಹಡಗಿನ ಕೊಠಡಿಗೂ ಸಲ್ಲುತ್ತದೆ: ಇರುವ ಒಂದು ಸಾಕೆಟ್ಟು ತಂದೆಯ ಉಸಿರಿನ ಯಂತ್ರಕ್ಕೆ, ಆಮೇಲೆ ಮಕ್ಕಳ ಚಿತ್ರಪೆಟ್ಟಿಗೆಗೆ.

ಕೊರತೆಯಿರುವುದು ಮಿತದಲ್ಲಲ್ಲ, ತಿಳಿವಿನಲ್ಲಿ. ಮೇಲೆ ಹೇಳಿದ ಯಾವ ಮಾತೂ ಹಡಗಿನ ಕೊಠಡಿಯ ಗೋಡೆಯ ಮೇಲಾಗಲಿ ಚಾರ್ಜರಿನ ಬೆನ್ನಿನ ಮೇಲಾಗಲಿ ಕನ್ನಡದಲ್ಲಿ ಕಾಣಸಿಗುವುದಿಲ್ಲ. ಮಗನಿಗೆ ಬಿಡುವಿದ್ದರೆ ಓದಿ ಹೇಳಿಯಾನು. ಇಲ್ಲದಿದ್ದರೆ ಸೊರಬದ ತಾಯಿ ಯಾವುದನ್ನು ಯಾವುದಕ್ಕೆ ಚುಚ್ಚಬೇಕೆಂದು ತಿಳಿಯದೆ ಕತ್ತಲಲ್ಲಿ ಕೂರಬೇಕು, ಅಥವಾ ಚುಚ್ಚಬಾರದ್ದನ್ನು ಚುಚ್ಚಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ನಾಡಿನ ಹೆಚ್ಚಿನ ಮನೆಗಳಿಗೆ ವಿದ್ಯುತ್ತು ಇನ್ನೂ ಬಂದಿರಲಿಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ಬರೆದದ್ದು ೧೯೩೬ರಲ್ಲಿ. ಅವರು ವಸ್ತು ಬರುವ ಮೊದಲೇ ಅದರ ತಿಳಿವಳಿಕೆಯನ್ನು ಕನ್ನಡಕ್ಕೆ ತಂದರು. ನಾವು ವಸ್ತುವನ್ನು ಕಿಸೆಯಲ್ಲಿಟ್ಟುಕೊಂಡು ತಿಳಿವಳಿಕೆಯನ್ನು ಇಂಗ್ಲಿಷಿಗೆ ಬಿಟ್ಟಿದ್ದೇವೆ. ನಮ್ಮ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳೂ ಕನ್ನಡದ ವಿದ್ಯಾರ್ಥಿಗಳೂ ಜತೆಗೂಡಿ ಕುಳಿತರೆ, ದಿನಬಳಕೆಯ ಯಂತ್ರಗಳ ಮೇಲಿನ ಆ ಇರುವೆಸಾಲಿನ ಬರಹವನ್ನು ತಿಳಿಗನ್ನಡದಲ್ಲಿ ನಾಲ್ಕು ಪುಟಗಳಾಗಿ ಬರೆಯುವುದು ಒಂದು ರಜೆಯ ಕೆಲಸ. ಮುಂದಿನ ಸಲ ಊರಿನ ಹಿರಿಯರೊಬ್ಬರು ಪ್ರಯಾಣ ಹೊರಟಾಗ ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ಆ ನಾಲ್ಕು ಪುಟಗಳನ್ನೂ ಇಟ್ಟು ಕಳುಹಿಸಬಹುದು.