‘ಪ್ರವಾಹ’ವೆಂಬ ಪದ ಮತ್ತು ತಂತಿಯೊಳಗಿನ ಇಲೆಕ್ಟ್ರಾನುಗಳು
ಕನ್ನಡದಲ್ಲಿ ‘ಪ್ರವಾಹ’ವೆಂದೊಡನೆ ನೆರೆಯ ರಭಸ ನೆನಪಾಗುತ್ತದೆ. ವಿದ್ಯುತ್ ಪ್ರವಾಹವಾದರೋ ರಭಸದ ಹೆಸರಲ್ಲ. ತಂತಿಯ ಅಡ್ಡಛೇದವೊಂದನ್ನು ಪ್ರತಿ ಸೆಕೆಂಡಿಗೆ ಹಾಯ್ದುಹೋಗುವ ವಿದ್ಯುದಾವೇಶದ ಪ್ರಮಾಣ. ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 6.24 × 10¹⁸ ಇಲೆಕ್ಟ್ರಾನುಗಳು. 1 ಚದರ ಮಿಲಿಮೀಟರ್ ಅಡ್ಡಛೇದದ ತಾಮ್ರದ ತಂತಿಯಲ್ಲಿ ಇಷ್ಟು ಏಕಮುಖ ಪ್ರವಾಹವಿದ್ದಾಗ ಅವುಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ; ಒಂದು ಮೀಟರ್ ಸಾಗಲು ನಾಲ್ಕು ಗಂಟೆಗಳೇ ಬೇಕು. ಆದರೂ ದೀಪ ಒಡನೆಯೇ ಬೆಳಗುತ್ತದೆ. ಏಕೆಂದರೆ ತಂತಿಯ ಉದ್ದಕ್ಕೂ ಇಲೆಕ್ಟ್ರಾನುಗಳು ಮೊದಲೇ ಇರುತ್ತವೆ. ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಹರಡುವ ವಿದ್ಯುತ್ ಕ್ಷೇತ್ರವು ಅವೆಲ್ಲವನ್ನೂ ಬಹುಮಟ್ಟಿಗೆ ಏಕಕಾಲದಲ್ಲಿ ಮುಂದೊತ್ತುತ್ತದೆ. ದಿಕ್ಕಿನಲ್ಲಿಯೂ ಭೇದವುಂಟು. 1897ರಲ್ಲಿ ಜೆ. ಜೆ. ಥಾಮ್ಸನ್ ಇಲೆಕ್ಟ್ರಾನನ್ನು ಗುರುತಿಸುವುದಕ್ಕೆ ಬಹು ಹಿಂದೆಯೇ ಪ್ರವಾಹದ ದಿಕ್ಕು ಧನದಿಂದ ಋಣಕ್ಕೆಂದು ರೂಢವಾಗಿತ್ತು. ಇಲೆಕ್ಟ್ರಾನುಗಳು ಸಾಗುವುದು ಅದಕ್ಕೆ ವಿರುದ್ಧವಾಗಿ. ಆದುದರಿಂದ ಕನ್ನಡದಲ್ಲಿ ವಿಜ್ಞಾನ ಬರೆಯುವವರು ‘ಪ್ರವಾಹ’, ‘ಇಲೆಕ್ಟ್ರಾನ್ ಚಲನೆ’ ಎಂಬೆರಡನ್ನು ಪರ್ಯಾಯಪದಗಳಾಗಿ ಬಳಸಲಾಗದು.